ಮನೆ-ಅಂಗಳ ಪ್ರಶ್ನೋತ್ತರ: ಪೂಲ್ ಸುತ್ತ ಡೆಕ್ ಕಟ್ಟುವವರು ಕೇಳಿದ್ದು

ಹೋದ ಸಂಚಿಕೆಯಲ್ಲಿ, ಗುಂಡಿ ತೋಡದೆ ಅಂಗಳದ ಮೇಲೆಯೇ ನಿಲ್ಲಿಸುವ ಸ್ವಿಮ್ಮಿಂಗ್ ಪೂಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೆ, ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು, ಅದರ ಸುತ್ತ ನಡೆದಾಡ್ಲಿಕ್ಕೆ, ಕೂತ್ಕೊಳ್ಳಲಿಕ್ಕೆ ಎತ್ತರದ ಹಲಗೆ ಜಗಲಿ, ಅಂದ್ರೆ ಡೆಕ್, ಹೇಗೆ ಕಟ್ಟುದು ಅಂತ. ಹಾಗಾಗಿ ಈ ಸಲದ ಇಡೀ ಅಂಕಣ ಅದಕ್ಕೇ. ನಮ್ಮ ಕರಾವಳಿಯ ಮಣ್ಣು, ಮಳೆ, ಉಪ್ಪುಗಾಳಿ ಮೂರನ್ನೂ ಎದುರಿಗೆ ಇಟ್ಕೊಂಡೇ ಬರೆದಿದ್ದೇನೆ, ಯಾಕಂದ್ರೆ ಯೂಟ್ಯೂಬಲ್ಲಿ ಹೊರದೇಶದವರು ತೋರಿಸಿದ್ದನ್ನು ನೋಡಿ ಹಾಗೇ ಮಾಡಿದ ಡೆಕ್‌ಗಳು ಇಲ್ಲಿ ಎರಡು ಮಳೆಗಾಲ ತಡೆಯದೆ ಹೋದದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಸುರತ್ಕಲ್‌ನ ನಮ್ಮ ಮನೆ ಅಂಗಳಕ್ಕೆ 15 ಅಡಿ ಅಗಲ, 4 ಅಡಿ ಎತ್ತರದ ಉರುಟು ಪೂಲ್ ತಂದಿದ್ದೇವೆ, ಸ್ಟೀಲ್ ಪೈಪಿನ ಫ್ರೇಮ್‌ನದ್ದು. ಸುತ್ತ 4 ಅಡಿ ಅಗಲದ ಡೆಕ್ ಬೇಕು. ಕಾಂಟ್ರಾಕ್ಟರ್ ಹೇಳುದು, ಒಳಗಿನ ಬದಿಗೆ ಕಂಬ ಬೇಡ, ಪೂಲ್‌ನ ಪೈಪ್‌ಗೇ ಕಬ್ಬಿಣದ ಆಂಗಲ್ ಪಟ್ಟಿ ಕಟ್ಟಿ ಅದರ ಮೇಲೆ ಹಲಗೆ ಕೂರಿಸುವ, ಖರ್ಚು ಅರ್ಧ ಉಳೀತದೆ ಅಂತ. ಒಪ್ಪಬಹುದಾ?

ಉತ್ತರ: ಬೇಡ, ಖಂಡಿತ ಬೇಡ. ಒಂದು ರೂಪಾಯಿ ಉಳಿಸ್ಲಿಕ್ಕೂ ಆ ಕೆಲಸ ಮಾಡಿಸ್ಬೇಡಿ. ಡೆಕ್ ಅಂದ್ರೆ ಪೂಲ್‌ನ ಪಕ್ಕ ನಿಲ್ಲುವ ಬೇರೆಯೇ ಒಂದು ಕಟ್ಟಡ, ಅದು ತನ್ನ ಕಾಲಿನ ಮೇಲೆ ತಾನು ನಿಲ್ಬೇಕು, ಪೂಲ್‌ಗೆ ಎಲ್ಲಿಯೂ ಮುಟ್ಟಬಾರದು.

ಯಾಕೆ ಅಂತ ಲೆಕ್ಕ ಹಾಕಿ ನೋಡುವ. ನಿಮ್ಮ ಪೂಲ್‌ಗೆ ಮೂರೂವರೆ ಅಡಿ ನೀರು ಹಾಕಿದ್ರೆ ಸುಮಾರು 17,500 ಲೀಟರ್ ಹಿಡೀತದೆ, ಅಂದ್ರೆ ಹದಿನೇಳೂವರೆ ಟನ್. ಆ ನೀರು ಕೆಳಗೆ ಮಾತ್ರ ಅಲ್ಲ, ಸುತ್ತಲೂ ಹೊರಗೆ ದೂಡ್ತಾ ಇರ್ತದೆ, ಬುಡದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚುಕಮ್ಮಿ ಒಂದು ಟನ್ ಲೆಕ್ಕದಲ್ಲಿ. ನೀರು ಹಿಡಿಯುವ ಪ್ಲಾಸ್ಟಿಕ್ ಶೀಟ್, ಅಂದ್ರೆ ಲೈನರ್, ಮತ್ತೆ ಫ್ರೇಮ್‌ನ ಪೈಪ್ ಎಲ್ಲ ಸೇರಿ ಪಿಪಾಯಿಯ ಪಟ್ಟಿ ಹಾಗೆ ಸುತ್ತಲೂ ಬಿಗಿದು ಹಿಡ್ಕೊಂಡಿರ್ತವೆ, ಅವುಗಳ ಕೆಲಸ ಅಷ್ಟೇ. ಮೇಲಿಂದ ಭಾರ ಹೊರುದು ಅವುಗಳ ಕೆಲಸ ಅಲ್ಲ, ಅದಕ್ಕೆ ಬೇಕಾದ ದಪ್ಪವೂ ಆ ಪೈಪಲ್ಲಿ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುದಲ್ಲ. ತುಂಬಾ ವರ್ಷದ ಹಿಂದೆ, ಈ ಕೆಲಸಕ್ಕೆ ಇಳಿದ ಹೊಸತರಲ್ಲಿ, ಶಿರ್ವ ಕಡೆಯ ಒಂದು ಮನೆಗೆ ನಾನೇ ಹೀಗೆ ಮಾಡಿ ಕೊಟ್ಟಿದ್ದೆ. ಹಲಗೆಯ ಒಳತುದಿಯನ್ನು ಪೂಲ್‌ನ ಮೇಲಿನ ಪೈಪ್ ಮೇಲೆ ಕೂರಿಸಿದ್ದು. ಎರಡು ತಿಂಗಳು ಏನೂ ಆಗ್ಲಿಲ್ಲ. ಒಂದು ಆದಿತ್ಯವಾರ ಮಕ್ಕಳ ಬರ್ತ್‌ಡೇ ಅಂತ ಏಳೆಂಟು ಜನ ಒಂದೇ ಬದಿಯಲ್ಲಿ ಸಾಲಾಗಿ ಕೂತು ಕಾಲು ನೀರಿಗೆ ಬಿಟ್ಟಿದ್ದಾರೆ, ಪೈಪ್ ಬಗ್ಗಿದೆ, ಫ್ರೇಮ್‌ನ ಕಾಲು ಹೊರಗೆ ಜಾರಿದೆ, ಅರ್ಧ ನಿಮಿಷದಲ್ಲಿ ಇಡೀ ಪೂಲ್ ಆ ಬದಿಗೆ ಒರಗಿ ನೀರೆಲ್ಲ ಅಂಗಳ ದಾಟಿ ಕೆಳಗಿನ ಮಲ್ಲಿಗೆ ಗಿಡಗಳ ಬುಡ ಕಿತ್ತುಕೊಂಡು ಹೋಗಿದೆ. ಮಕ್ಕಳಿಗೆ ತರಚಿದ ಗಾಯ ಬಿಟ್ರೆ ಏನೂ ಆಗ್ಲಿಲ್ಲ, ಅದು ದೇವರು ದೊಡ್ಡವನು ಅಂತಲೇ ಹೇಳ್ಬೇಕು. ಮರುದಿನ ಹೋಗಿ ಆ ಪೈಪ್‌ನ ಜಾಯಿಂಟ್ ಬಿಚ್ಚಿ ನೋಡಿದೆ, ಪಿನ್ ಹೋಗುವ ಉರುಟು ತೂತು ಕೋಳಿಮೊಟ್ಟೆ ಹಾಗೆ ಉದ್ದಕ್ಕೆ ಹರಿದಿತ್ತು. ಪ್ರತಿ ಸಲ ಒಬ್ಬರು ಕೂತಾಗಲೂ ಅದು ಸ್ವಲ್ಪ ಸ್ವಲ್ಪವೇ ಹರೀತಾ ಇದ್ದದ್ದು, ಮೇಲಿಂದ ನೋಡುವವರಿಗೆ ಕಾಣ್ಲಿಕ್ಕೆ ಇಲ್ಲ. ಆ ತೂತು ಇವತ್ತಿಗೂ ನನ್ನ ಕಣ್ಣೆದುರು ಉಂಟು.

ಹಾಗಾದ್ರೆ ಮಾಡುದು ಹೇಗೆ? ಮೊದಲು ಪೂಲ್ ಇಡುವ ಜಾಗ ಮಟ್ಟ ಮಾಡಿ, ಎತ್ತರ ಇದ್ದಲ್ಲಿ ಕೆತ್ತಿ ತೆಗೀಬೇಕು, ತಗ್ಗಿಗೆ ಮಣ್ಣು ತುಂಬಿಸಿ ಸಮ ಮಾಡುದಲ್ಲ, ತುಂಬಿಸಿದ ಮಣ್ಣು ಮೊದಲ ಮಳೆಗೇ ಕೂರ್ತದೆ. ನಮ್ಮ ಮುರಕಲ್ಲಿನ, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ನೆಲದಲ್ಲಿ ಸಣ್ಣ ಸಣ್ಣ ಕಲ್ಲಿನ ಮೂತಿ ಮೇಲೆ ಬಂದಿರ್ತದೆ, ಅದು ಲೈನರ್‌ಗೆ ಚುಚ್ಚುತ್ತದೆ, ಅದಕ್ಕೆ ಜರಡಿ ಹಿಡಿದ ನಯ ಹೊಯಿಗೆ (ಮರಳು) ಎರಡು ಇಂಚು ದಪ್ಪಕ್ಕೆ ಹಾಕಿ ಮೇಲೆ ದಪ್ಪ ಫೋಮ್ ಶೀಟ್ ಹಾಸಿ. ಡೆಕ್ ಕಂಬದ ಹೊಂಡಗಳನ್ನು ಪೂಲ್‌ಗೆ ನೀರು ತುಂಬುವ ಮೊದಲೇ ತೋಡಿ ಕಾಂಕ್ರೀಟ್ ಹಾಕಿ ಮುಗಿಸಿ, ತುಂಬಿದ ಪೂಲ್‌ನ ಬುಡದಲ್ಲಿ ಆಮೇಲೆ ಗುಂಡಿ ತೋಡುದು ಅಂದ್ರೆ ಹದಿನೇಳು ಟನ್‌ನ ಅಡಿಯಿಂದ ಮಣ್ಣು ತೆಗೆದ ಹಾಗೆ. ಕಂಬದಿಂದ ಕಂಬಕ್ಕೆ 6 ಅಡಿಗಿಂತ ಹೆಚ್ಚು ಬೇಡ, ಒಂದು ಸಾಲು ಹೊರಗೆ, ಒಂದು ಸಾಲು ಒಳಗೆ, ಒಳಗಿನ ಸಾಲನ್ನು ಪೂಲ್ ಗೋಡೆಯಿಂದ ಒಂದೂವರೆ ಎರಡು ಅಡಿ ಹಿಂದೆ ನಿಲ್ಲಿಸಿ ಅಡ್ಡದ ಮರಗಳನ್ನು ಅಲ್ಲಿಂದ ಮುಂದಕ್ಕೆ ಚಾಚಿದ್ರೆ ಆಯ್ತು. ಜನ ಗುಂಪಾಗಿ ನಿಲ್ಲುವ ಬಾಲ್ಕನಿಗೆ ಎಂಜಿನಿಯರುಗಳು ಚದರ ಮೀಟರ್‌ಗೆ 300 ಕೆಜಿ ಲೆಕ್ಕ ಹಾಕ್ತಾರೆ, ಡೆಕ್‌ಗೂ ಅದೇ ಇಟ್ಕೊಳ್ಳಿ, ಆಗ ಒಂದೊಂದು ಕಂಬಕ್ಕೆ ಅರ್ಧ ಟನ್ ಹತ್ರ ಬರ್ತದೆ. ಗಟ್ಟಿ ಮುರಕಲ್ಲು ಸಿಕ್ಕುವಲ್ಲಿ ಎರಡು ಅಡಿ ಆಳ ಸಾಕು. ನಿಮ್ಮದು ಕಡಲ ಬದಿಯ ಹೊಯಿಗೆ ನೆಲ ಆದ್ರೆ ಆಳಕ್ಕಿಂತ ಅಗಲ ಮುಖ್ಯ, ಒಂದೂವರೆ ಅಡಿ ಚೌಕದ ಪಾದ ಕೊಡಿ. ನಾಲ್ಕು ಅಡಿ ಎತ್ತರದ ಡೆಕ್ ಆದ ಕಾರಣ ಕಂಬಗಳ ಮಧ್ಯೆ ಓರೆಯಾಗಿ ಆಧಾರ ಕೊಡದಿದ್ರೆ ನಾಲ್ಕು ಜನ ನಡೆದ್ರೂ ತೊಟ್ಟಿಲಿನ ಹಾಗೆ ತೂಗ್ತದೆ, ಅದನ್ನು ಮರೀಬೇಡಿ.

ಒಳಬದಿಯ ಹಲಗೆ ಕತ್ತರಿಸುದು ಮಾತ್ರ ಪೂಲ್‌ಗೆ ಪೂರ್ತಿ ನೀರು ತುಂಬಿ ಎರಡು ಮೂರು ದಿನ ಆದ ಮೇಲೆ. ನೀರು ಬಿದ್ದ ಮೇಲೆ ಫ್ರೇಮ್ ಹೊರಗೆ ಹಿಗ್ಗಿ ಕಾಲುಗಳು ಅಗಲ ಆಗ್ತವೆ, ಖಾಲಿ ಇರುವಾಗ ತೆಗೆದ ಅಳತೆ ಯಾವತ್ತೂ ಸರಿ ಬರುದಿಲ್ಲ. ಹಲಗೆಗೂ ಪೂಲ್‌ಗೂ ಮಧ್ಯೆ ಒಂದು ಇಂಚು ಸಂದು ಬಿಡಿ, ಮತ್ತೆ ಡೆಕ್‌ನ ಮಟ್ಟ ಪೂಲ್‌ನ ಅಂಚಿಗಿಂತ ಎರಡು ಮೂರು ಇಂಚು ಕೆಳಗೆ ಇರ್ಲಿ. ಯಾಕಂದ್ರೆ ಲೈನರ್ ಒಂದಲ್ಲ ಒಂದು ದಿನ ಬದಲಾಯಿಸ್ಲೇಬೇಕು, ಆಗ ಮೇಲಿನ ಪೈಪ್ ಎತ್ತಿ ತೆಗೀಲಿಕ್ಕೆ ಕೈ ಹೋಗ್ಬೇಕು, ಇಲ್ಲದಿದ್ರೆ ಲೈನರ್‌ಗೋಸ್ಕರ ಡೆಕ್ ಒಡೀಬೇಕಾಗ್ತದೆ.

ಪ್ರಶ್ನೆ: ಮಣಿಪಾಲದಿಂದ ಬರೀತಿದ್ದೇನೆ. ಯಾವ ಮರ ಹಾಕುದು? ಸಾಗುವಾನಿ ಬಜೆಟ್‌ಗೆ ಆಗುದಿಲ್ಲ. ಆಚಾರಿ ಬೋಗಿ ಅಂತಾರೆ, ಅಂಗಡಿಯವರು ಡಬ್ಲ್ಯೂಪಿಸಿ ಅಂತಾರೆ, ನನ್ನ ಮಾವ ಅಡಿಕೆ ಮರ ಸೀಳಿದ ದಬ್ಬೆ ಸಾಕು ಅಂತಾರೆ.

ಉತ್ತರ: ಮಾವನವರಿಂದ ಶುರು ಮಾಡ್ತೇನೆ. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಬಾರದು ಅಂತ ಅಡಿಕೆ ದಬ್ಬೆ ಹಾಸುದು ನಮ್ಮ ಹಿರಿಯರ ಒಳ್ಳೆ ಬುದ್ಧಿ, ಆದ್ರೆ ಅದು ಆಗಾಗ ಬದಲಾಯಿಸುವ ವಸ್ತು, ಒಂದು ಎರಡು ಮಳೆಗಾಲಕ್ಕೆ ಒಳಗಿನ ಬೆಂಡು ಕೊಳೆತು ಹೊರಗಿನ ಸಿಗುರು ಏಳ್ತದೆ. ಬರಿಗಾಲಲ್ಲಿ, ಅದೂ ನೀರಲ್ಲಿ ನೆನೆದು ಮೆತ್ತಗಾದ ಕಾಲಲ್ಲಿ ಓಡುವ ಮಕ್ಕಳಿಗೆ ಅದು ಆಗುದಿಲ್ಲ. ನಾಲ್ಕು ಅಡಿ ಎತ್ತರದಲ್ಲಿ ಜನರನ್ನು ಹೊರ್ಲಿಕ್ಕೂ ಅಲ್ಲ.

ಆಚಾರಿ ಹೇಳಿದ್ದು ಸರಿ ಉಂಟು. ಕಿರಾಲ್‌ಬೋಗಿ ಅಂದ್ರೆ ನಮ್ಮ ಪಶ್ಚಿಮಘಟ್ಟದ್ದೇ ಮರ, ದೋಣಿಗೆ, ಸೇತುವೆಗೆ, ರೈಲಿನ ಹಳಿಯ ಅಡಿಗೆಲ್ಲ ಹಾಕ್ತಿದ್ದ ಮರ, ಗೆದ್ದಲಿಗೂ ನೀರಿಗೂ ಸುಲಭದಲ್ಲಿ ಬಗ್ಗುದಿಲ್ಲ. ಭಾರ ಜಾಸ್ತಿ, ಮೊಳೆ ಹೊಡೀಲಿಕ್ಕೆ ಹೋದ್ರೆ ಮೊಳೆಯೇ ಬಗ್ತದೆ, ತೂತು ತೆಗೆದೇ ಸ್ಕ್ರೂ ಹಾಕ್ಬೇಕು. ಹೊಸತಾಗಿ ಕಡಿಸುದು ನಾನು ಹೇಳುದಿಲ್ಲ, ಆ ಮರ ಕಾಡಲ್ಲಿ ಈಗಾಗಲೇ ಕಮ್ಮಿ ಆಗಿದೆ. ಅದರ ಬದಲು ಹಳೇ ಹಂಚಿನ ಮನೆ ಬಿಚ್ಚುವಲ್ಲಿ ಸಿಗುವ ತೊಲೆ, ಪಕ್ಕಾಸು ನೋಡಿ. ಎಷ್ಟೋ ದಶಕ ಮಾಡಿನ ಅಡಿಯಲ್ಲಿ ಒಣಗಿದ ಮರ ಅದು, ಇನ್ನು ಬಾಗುದು, ತಿರುಚುದು ಏನೂ ಇಲ್ಲ, ಬೋಗಿಯೋ ಹೆಬ್ಬಲಸೋ ಹಲಸೋ ಸಿಗ್ತದೆ. ತಗೊಳ್ಳುವಾಗ ಒಂದು ಸಣ್ಣ ಉಳಿಯಿಂದ ತುದಿಯಲ್ಲಿ ಕುಟ್ಟಿ ನೋಡಿ, ಗಟ್ಟಿ ಮರ ಟಣ್ ಅಂತದೆ, ಗೆದ್ದಲು ತಿಂದದ್ದು ಡಬ್ ಅಂತದೆ. ಹಳೇ ಮೊಳೆ ಒಂದೂ ಉಳೀದ ಹಾಗೆ ಕೀಳಿಸಿ.

ಡಬ್ಲ್ಯೂಪಿಸಿ ಅಂದ್ರೆ ಮರದ ಹುಡಿ ಮತ್ತೆ ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ, ಗೆದ್ದಲು ಇಲ್ಲ, ಸಿಗುರು ಇಲ್ಲ, ಪೇಂಟ್ ಬೇಡ, ಒಳ್ಳೆದೇ. ಆದ್ರೆ ಎರಡು ವಿಷಯ. ಅಡುಗೆಮನೆ ಕಪಾಟಿಗೆ, ಬಾತ್‌ರೂಮ್ ಬಾಗಿಲಿಗೆ ಹಾಕುವ ಹಗುರದ ಬೋರ್ಡನ್ನೂ ಅದೇ ಹೆಸರಲ್ಲಿ ಮಾರ್ತಾರೆ, ಅದು ಡೆಕ್‌ಗೆ ಅಲ್ಲವೇ ಅಲ್ಲ, ಡೆಕ್ಕಿಂಗ್ ಅಂತಲೇ ಕೇಳಿ ತಗೊಳ್ಳಿ. ಮತ್ತೆ ಅದು ಮರದಷ್ಟು ಬಿರುಸಲ್ಲ, ಅಡಿಯ ಪಟ್ಟಿಗಳು 12ರಿಂದ 16 ಇಂಚಿನೊಳಗೆ ಬರ್ಬೇಕು, ದೂರ ಆದ್ರೆ ಮಧ್ಯದಲ್ಲಿ ಜೋಲು ಬೀಳ್ತದೆ. ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ಆದ್ದರಿಂದ ತುದಿಗೆ ತುದಿ ತಾಗಿಸಿ ಕೂರಿಸ್ಬೇಡಿ. ಕಪ್ಪು, ಕಾಫಿ ಬಣ್ಣದ್ದು ಎಪ್ರಿಲ್ ಮಧ್ಯಾಹ್ನಕ್ಕೆ ಕಾಲಿಡ್ಲಿಕ್ಕೆ ಆಗದಷ್ಟು ಕಾಯ್ತದೆ, ತಿಳಿ ಬಣ್ಣ ತಗೊಳ್ಳಿ. ನನ್ನನ್ನು ಕೇಳಿದ್ರೆ, ಕಂಬ ಮತ್ತೆ ಅಡ್ಡಕ್ಕೆ ಹಳೇ ಮನೆಯ ಮರ, ಮೇಲೆ ಹಲಗೆಗೆ ಡಬ್ಲ್ಯೂಪಿಸಿ, ನಾನು ನನ್ನ ತಂಗಿ ಮನೆಗೆ ಮಾಡಿದ್ದು ಹಾಗೇ.

ಮರಕ್ಕೆ ಏನು ಹಚ್ಚುದು ಅಂತಲೂ ಕೇಳಿದ್ದೀರಿ. ಅಡಿಯ ಮರಗಳಿಗೆ ಗೇರು ಸಿಪ್ಪೆ ಎಣ್ಣೆ ನಮ್ಮ ಕಡೆ ಹಿಂದಿನಿಂದ ಬಂದದ್ದು, ದೋಣಿಯವರು ಹಚ್ತಾರೆ, ಗೆದ್ದಲು ಹತ್ತಿರ ಬರುದಿಲ್ಲ. ಆದ್ರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದ್ರೆ ಬೊಕ್ಕೆ ಏಳ್ತದೆ, ಗ್ಲೌಸ್ ಹಾಕಿಯೇ ಹಚ್ಬೇಕು, ಕಾಲಿಡುವ ಹಲಗೆಗೆ, ಕೈ ಹಿಡಿಯುವ ರೇಲಿಂಗ್‌ಗೆ ಬಿಲ್ಕುಲ್ ಹಚ್ಬೇಡಿ. ಕಂಬದ ಬುಡವನ್ನು ಮಣ್ಣಲ್ಲಿ ಹೂತರೆ ಯಾವ ಎಣ್ಣೆಯೂ ಉಳಿಸುದಿಲ್ಲ. ಕಾಂಕ್ರೀಟ್ ಪಾದವನ್ನು ನೆಲದಿಂದ ಆರು ಇಂಚು ಮೇಲೆ ತಂದು, ಅದರಲ್ಲಿ ಕಂಬದ ಬುಡ ಹಿಡಿಯುವ ಕಬ್ಬಿಣದ ಶೂ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿ.

ಪ್ರಶ್ನೆ: ಕಂಕನಾಡಿಯಲ್ಲಿ ನಮ್ಮದು ಸಣ್ಣ ಸೈಟ್, ಅಂಗಳ ಇಲ್ಲ. ಟೆರೇಸ್ ಮೇಲೆ ಇದೇ ಪೂಲ್ ಇಟ್ಟು ಡೆಕ್ ಮಾಡಿಸಿದ್ರೆ?

ಉತ್ತರ: ಇಡ್ಬೇಡಿ. ಜನ ಹತ್ತಿ ಓಡಾಡುವ ಸಾಮಾನ್ಯ ಮನೆಯ ಟೆರೇಸ್ ಸ್ಲ್ಯಾಬನ್ನು ಚದರ ಮೀಟರ್‌ಗೆ 150 ಕೆಜಿ ಹೊರುವ ಲೆಕ್ಕದಲ್ಲಿ ಡಿಸೈನ್ ಮಾಡುದು. ಒಂದು ಮೀಟರ್ ಆಳದ ನೀರು ಅಂದ್ರೆ ಅದೇ ಜಾಗಕ್ಕೆ 1,000 ಕೆಜಿ. ಮೇಲೆ ಸಿಂಟೆಕ್ಸ್ ಟ್ಯಾಂಕ್ ಉಂಟಲ್ಲ, ಅದು ತಡೆಯುದಿಲ್ವಾ ಅಂತ ಕೇಳ್ತೀರಿ, ಅದನ್ನು ಕಂಬದ, ಬೀಮಿನ ನೆತ್ತಿಯ ಮೇಲೆ ನೋಡಿ ಕೂರಿಸಿರ್ತಾರೆ, ಪೂಲ್ ಹಾಗೆ ಸ್ಲ್ಯಾಬಿನ ನಟ್ಟನಡುವೆ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ನಿಮ್ಮ ಮನೆಯ ಡ್ರಾಯಿಂಗ್ ನೋಡಿ ಬರವಣಿಗೆಯಲ್ಲಿ ಕೊಟ್ರೆ ಮಾತ್ರ ಮುಂದಿನ ಮಾತು. ಮಕ್ಕಳಿಗೆ ಈಜು ಕಲಿಸುದೇ ಉದ್ದೇಶ ಆದ್ರೆ ಲೇಡಿಹಿಲ್‌ನ ಮಂಗಳಾ ಈಜುಕೊಳ ನಿಮ್ಗೆ ದೂರವೂ ಅಲ್ಲ, ಅಲ್ಲಿ ಕಲಿಸುವವರೂ ಇದ್ದಾರೆ.

ಪ್ರಶ್ನೆ: ಕಾಪು ಬೀಚ್‌ನಿಂದ ಅರ್ಧ ಕಿಲೋಮೀಟರ್ ಒಳಗೆ ಮನೆ. ಮರದ ರಗಳೆಯೇ ಬೇಡ ಅಂತ ಎಂಎಸ್ (ಸಾದಾ ಕಬ್ಬಿಣದ) ಪೈಪಲ್ಲಿ ಫ್ರೇಮ್ ಮಾಡಿಸುವ ಆಲೋಚನೆ. ತುಕ್ಕಿಗೆ ಏನು ಮಾಡುದು?

ಉತ್ತರ: ಕಡಲ ಉಪ್ಪು ಒಂದು ಕಡೆ, ಪೂಲ್‌ನ ಕ್ಲೋರಿನ್ ಒಂದು ಕಡೆ, ಎರಡೂ ಸೇರಿ ಕಬ್ಬಿಣ ತಿಂತವೆ. ಬ್ರಶ್‌ನಲ್ಲಿ ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮೆಲ್ ಪೇಂಟ್ ಬಳಿದ ಫ್ರೇಮ್ ನಿಮ್ಮಲ್ಲಿ ಬೇಗ ಹಾಳಾಗ್ತದೆ, ಅದೂ ಹೊರಗಿಂದ ಅಲ್ಲ, ಪೈಪಿನ ಒಳಗಿಂದ. ವೆಲ್ಡಿಂಗ್ ಸಂದಿನಲ್ಲಿ ನೀರು ಒಳಗೆ ಹೋಗ್ತದೆ, ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಮೊದಲು ಎಲ್ಲ ಕತ್ತರಿಸಿ, ತೂತು ತೆಗೆದು, ವೆಲ್ಡ್ ಮಾಡಿ ಮುಗಿಸಿ, ಆಮೇಲೆ ತುಂಡು ತುಂಡಾಗಿ ಹಾಟ್ ಡಿಪ್ ಗ್ಯಾಲ್ವನೈಸಿಂಗ್‌ಗೆ ಕೊಡಿ, ಅಂದ್ರೆ ಕರಗಿದ ಸತುವಿನಲ್ಲಿ ಇಡೀ ತುಂಡು ಮುಳುಗಿಸಿ ತೆಗೆಯುದು, ಆಗ ಪೈಪಿನ ಒಳಗೂ ಸತು ಹಿಡೀತದೆ. ತಂದ ಮೇಲೆ ಸೈಟಲ್ಲಿ ಬರೀ ಬೋಲ್ಟ್ ಹಾಕಿ ಜೋಡಿಸ್ಬೇಕು, ಪುನಃ ವೆಲ್ಡ್ ಮಾಡಿದ್ರೆ ಆ ಜಾಗದ ಸತು ಸುಟ್ಟು ಹೋಗ್ತದೆ, ತುಕ್ಕು ಅಲ್ಲಿಂದಲೇ ಶುರು.

ಸ್ಕ್ರೂ, ಬೋಲ್ಟ್‌ಗೆ ಅಂಗಡಿಯಲ್ಲಿ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕೊಡಿ ಅಂದ್ರೆ 304 ನಂಬರಿನದ್ದು ಕೊಡ್ತಾರೆ. ನೀವು 316 ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಅಂತ ಒಂದು ಲೋಹ ನೂರಕ್ಕೆ 2ರಿಂದ 3 ಪಾಲು ಸೇರಿಸಿರ್ತಾರೆ, ಉಪ್ಪಿನ ಎದುರು ನಿಲ್ಲುದು ಅದರಿಂದ. ರೇಟ್ ಜಾಸ್ತಿ, ಆದ್ರೆ ಇಡೀ ಡೆಕ್ಕಿನ ಖರ್ಚಲ್ಲಿ ಸ್ಕ್ರೂವಿನ ಪಾಲು ಎಷ್ಟು? ಕ್ಲೋರಿನ್ ಡಬ್ಬಿಯನ್ನು ಡೆಕ್ ಅಡಿಯಲ್ಲಿ ಇಡ್ಬೇಡಿ, ಮುಚ್ಚಳ ಹಾಕಿದ್ರೂ ಅದರ ಹಬೆ ಸುತ್ತಲಿನ ಲೋಹವನ್ನೆಲ್ಲ ಹಾಳು ಮಾಡ್ತದೆ. ಇನ್ನೊಂದು, ಕಡಲಿನ ಭರತದ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರ್ತದೆ, ನಿಮ್ಮದು ಅಂಚಿನಲ್ಲೇ ಇರುವ ಹಾಗೆ ಕಾಣ್ತದೆ, ಕಾಂಕ್ರೀಟ್ ಹಾಕುವ ಮೊದಲು ಸ್ಥಳೀಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಉಳ್ಳಾಲ. ಹೋದ ಮೇ ತಿಂಗಳಲ್ಲಿ ಮರದ ಡೆಕ್ ಹಾಕಿಸಿದ್ದು, ಚಂದ ಇತ್ತು, ಹಲಗೆ ಒಂದಕ್ಕೊಂದು ಕೂದಲು ಹೋಗದ ಹಾಗೆ ಕೂರಿಸಿದ್ರು. ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಹಲಗೆಗಳು ಹೊಟ್ಟೆ ಉಬ್ಬಿದ ಹಾಗೆ ಮೇಲೆ ಎದ್ದಿವೆ, ಎರಡು ಸ್ಕ್ರೂ ಕಿತ್ತು ಬಂದಿದೆ. ಮರ ಹಾಳಾ?

ಉತ್ತರ: ಮರ ಹಾಳಲ್ಲ, ಕೂರಿಸಿದ ಕ್ರಮ ತಪ್ಪು. ಮೇ ತಿಂಗಳಲ್ಲಿ ಮರ ಕಾಯಿಲೆ ಬಿದ್ದವರ ಹಾಗೆ ಒಣಗಿ ಸೊರಗಿರ್ತದೆ, ಜೂನ್‌ನಲ್ಲಿ ಮಳೆ ಹಿಡಿದ ಕೂಡ್ಲೆ ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಲ್ಲಿ, ಅದೂ ಹೆಚ್ಚಿನದ್ದೆಲ್ಲ ನಾಲ್ಕೇ ತಿಂಗಳಲ್ಲಿ, ಆ ಹಿಗ್ಗಿದ್ದಕ್ಕೆ ಜಾಗ ಕೊಡದಿದ್ರೆ ಅದು ಮೇಲೆ ಏಳದೆ ಎಲ್ಲಿಗೆ ಹೋಗ್ಬೇಕು? ಬಾಗಿಲಿನ ದಾರಂದ ಮಳೆಗಾಲದಲ್ಲಿ ಬಿಗಿ ಆಗುದನ್ನು ನೋಡಿದ್ದೀರಲ್ಲ, ಅದೇ ಇದು.

ಈಗ ಏನೂ ಮುಟ್ಬೇಡಿ. ಎದ್ದ ಸ್ಕ್ರೂ ತೆಗೆದಿಡಿ, ಕಾಲಿಗೆ ತಾಗ್ತದೆ. ದೀಪಾವಳಿ ಕಳೆದು ಮರ ಒಣಗಿದ ಮೇಲೆ ಎಲ್ಲ ಹಲಗೆ ಬಿಚ್ಚಿ, ಒಂದೊಂದರ ಮಧ್ಯೆ 6 ಮಿಲಿಮೀಟರ್ ಸಂದು ಇಟ್ಟು ಪುನಃ ಕೂರಿಸಿ, ಎರಡು ಹಲಗೆ ಮಧ್ಯೆ ಒಂದು ಆರು ಎಂಎಂ ಸರಳಿನ ತುಂಡು ಇಟ್ಟು ಸ್ಕ್ರೂ ಹಾಕಿ ಸರಳು ಎಳೆದು ತೆಗೆದ್ರೆ ಎಲ್ಲ ಕಡೆ ಒಂದೇ ಅಳತೆ ಬರ್ತದೆ. ಕೊನೆಯಲ್ಲಿ ಒಂದೆರಡು ಹಲಗೆ ಉಳೀತದೆ, ಅದರಲ್ಲಿ ಒಂದು ಮೆಟ್ಟಲು ಮಾಡಿ. ಆ ಸಂದಿಯಲ್ಲಿ ನೀರು ಇಳಿದು ಹೋಗ್ತದೆ, ಗಾಳಿ ಆಡ್ತದೆ, ಪಾಚಿಯೂ ಕಮ್ಮಿ. ಪಾಚಿ ಬಂದಲ್ಲಿ ತೆಂಗಿನ ಹಿಡಿಸೂಡಿಯಿಂದ ಉಜ್ಜಿ ತೊಳೀರಿ, ಪ್ರೆಶರ್ ಪಂಪ್ ಹತ್ತಿರ ಹಿಡಿದ್ರೆ ಮರದ ನಾರು ಎದ್ದು ಬಂದು ಮತ್ತೂ ಬೇಗ ಪಾಚಿ ಹಿಡೀತದೆ.

ಪ್ರಶ್ನೆ: ಬ್ರಹ್ಮಾವರ. ಡೆಕ್ ಅಡಿಯ ಜಾಗ ಸುಮ್ನೆ ಉಳೀತದೆ, ಪಂಪ್, ಫಿಲ್ಟರ್ ಅಲ್ಲಿಗೇ ಇಟ್ಟು ಸುತ್ತ ಶೀಟ್ ಹೊಡೆದು ಮುಚ್ಚಿದ್ರೆ ಚಂದ ಅಲ್ವಾ? ಬಾವಿ ನೀರು ತುಂಬಿಸಿ ಕ್ಲೋರಿನ್ ಹಾಕಿದ್ರೆ ಚಾ ಬಣ್ಣ ಆಗ್ತದೆ, ಅದು ಯಾಕೆ?

ಉತ್ತರ: ಚಾ ಬಣ್ಣ ಕಬ್ಬಿಣದ್ದು. ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶ ನೀರಲ್ಲಿ ಕರಗಿರ್ತದೆ, ಕ್ಲೋರಿನ್ ಬಿದ್ದ ಕೂಡ್ಲೆ ಅದು ತುಕ್ಕಾಗಿ ಕಾಣ್ತದೆ. ಫಿಲ್ಟರ್ ಎರಡು ಮೂರು ದಿನ ಬಿಡದೆ ಓಡಿಸಿ, ಮಧ್ಯೆ ಮಧ್ಯೆ ಕಾರ್ಟ್ರಿಜ್ ತೊಳೀತಾ ಇರಿ, ತಿಳಿ ಆಗ್ತದೆ. ಎಪ್ರಿಲ್ ಮೇ ತಿಂಗಳಲ್ಲಿ ಪೂಲ್ ತುಂಬಿಸುದು ಬೇಡ ಅಂತ ನನ್ನ ಕೋರಿಕೆ, ಉಡುಪಿಗೆ ನೀರು ಬರುವ ಸ್ವರ್ಣಾ ನದಿಯ ಬಜೆಯಲ್ಲೂ ಮಂಗಳೂರಿಗೆ ಬರುವ ನೇತ್ರಾವತಿಯ ತುಂಬೆಯಲ್ಲೂ ಆಗ ಮಟ್ಟ ಇಳಿದಿರ್ತದೆ, ನಿಮ್ಮದು ಸ್ವಂತ ಬಾವಿ ಆದ್ರೂ ಪಕ್ಕದ ಮನೆಯ ಬಾವಿಗೂ ಒಸರು ಒಂದೇ. ಮಳೆಗಾಲ ಮುಗಿದ ಕೂಡ್ಲೆ ತುಂಬಿಸಿ, ಮೇಲೆ ಮುಚ್ಚಿ ಚೊಕ್ಕ ಇಟ್ರೆ ಬೇಸಗೆಗೆ ಅದೇ ನೀರು ಸಾಕು.

ಪಂಪ್ ಡೆಕ್ ಅಡಿ ಬೇಡ. ರಿಪೇರಿಗೆ ತೆವಳಿಕೊಂಡು ಹೋಗ್ಬೇಕಾದಲ್ಲಿ ಇಟ್ಟ ಪಂಪನ್ನು ಯಾರೂ ನೋಡಿಕೊಳ್ಳುದಿಲ್ಲ. ಕರೆಂಟ್ ಪಾಯಿಂಟ್ ಪೂಲ್‌ನ ಅಂಚಿನಿಂದ ಮೂರೂವರೆ ಮೀಟರ್ ಆಚೆ ಇರ್ಲಿ, ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ಕೂಡ್ಲೆ ಲೈನ್ ಕಡಿಯುವ ಸ್ವಿಚ್, ಕಡ್ಡಾಯ, ಅರ್ತಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಟ್ಟು ನೋಡಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಒದ್ದೆ ಅಂಗಳದಲ್ಲಿ ಬಿಡುದು ಒಂದು ದಿನಕ್ಕೂ ಬೇಡ.

ಶೀಟ್ ಹೊಡೆದು ಮುಚ್ಚುದೂ ಬೇಡ. ಅಡಿಗೆ ಗಾಳಿ ಹೋಗದಿದ್ರೆ ಮರ ಕೊಳೀತದೆ, ತಂಪು ಕತ್ತಲೆ ಜಾಗ ಅಂದ್ರೆ ಇಲಿ, ಇಲಿ ಬಂದಲ್ಲಿ ಕೊಳಕುಮಂಡಲ ಹಾವು. ಅಲ್ಲಿ ನಿಂತ ನೀರಲ್ಲಿ, ಪೂಲ್ ಮುಚ್ಚಿದ ಟಾರ್ಪಾಲ್‌ನ ಗುಳಿಯಲ್ಲಿ ನಿಂತ ಮಳೆನೀರಲ್ಲಿ ಸೊಳ್ಳೆ ಆಗ್ತದೆ, ಮಲೇರಿಯಾ, ಡೆಂಗ್ಯೂ ಎರಡೂ ಕಂಡ ಊರಿನವರು ನಾವು. ಅಡಿಯ ನೆಲವನ್ನು ಹೊರಗೆ ಇಳಿಜಾರು ಮಾಡಿ ಜಲ್ಲಿ ಹಾಸಿ, ಸುತ್ತ ಅಡ್ಡಪಟ್ಟಿಯ ಬದಲು ಉದ್ದಕ್ಕೆ ನಿಲ್ಲಿಸಿದ ರೀಪಿನ ಜಾಲರಿ ಹಾಕಿ, ಒಂದು ಭಾಗ ಕೊಂಡಿ ತೆಗೆದು ಬಿಚ್ಚುವ ಹಾಗೆ ಇರ್ಲಿ.

ಪ್ರಶ್ನೆ: ಪುತ್ತೂರು. ತೆಂಗಿನ ಮರದ ನೆರಳಲ್ಲಿ ಪೂಲ್ ಮತ್ತು ಡೆಕ್ ಇಟ್ರೆ ತಂಪು ಅಲ್ವಾ? ಡೆಕ್‌ನಿಂದ ತಲೆಕೆಳಗಾಗಿ ನೀರಿಗೆ ಹಾರಬಹುದಾ?

ಉತ್ತರ: ಎರಡೂ ಆಗುದಿಲ್ಲ. ಕಾಯಿ ಬೀಳುದಕ್ಕೆ ಹೊತ್ತುಗೊತ್ತು ಇಲ್ಲ, ಒಂದು ಒಣ ಮಡಲು ಬಿದ್ರೂ ಲೈನರ್ ಹರೀತದೆ, ಕೆಳಗೆ ಮಗು ಇದ್ರೆ ಹೇಳುದೇ ಬೇಡ. ಮೂರೂವರೆ ಅಡಿ ನೀರಿಗೆ ತಲೆ ಮುಂದೆ ಮಾಡಿ ಹಾರಿದ್ರೆ ತಲೆ ಅಡಿಗೆ ತಾಗ್ತದೆ, ಕುತ್ತಿಗೆ ಮೂಳೆ ಮುರಿದ್ರೆ ಜೀವಮಾನ ಇಡೀ ಹಾಸಿಗೆ. ಮನೆಗೆ ಬರುವ ನೆಂಟರ ಮಕ್ಕಳಿಗೂ ಮೊದಲೇ ಹೇಳಿ.

ಪ್ರಶ್ನೆ: ಮೂಡುಬಿದಿರೆ. ಬೆಂಗಳೂರಿಂದ ಮಗಳು ಮೂರು ವರ್ಷದ ಮೊಮ್ಮಗನನ್ನು ಕರ್ಕೊಂಡು ರಜೆಗೆ ಬರ್ತಾಳೆ. ಡೆಕ್ ಮತ್ತೆ ಮೆಟ್ಟಲು ರೆಡಿ ಆಗಿದೆ, ರೇಲಿಂಗ್ ಬಾಕಿ. ರೇಲಿಂಗ್ ಅಷ್ಟು ಅಗತ್ಯವಾ, ನೋಟ ಹಾಳಾಗ್ತದೆ ಅಂತ ಮನೆಯವರು ಹೇಳ್ತಾರೆ.

ಉತ್ತರ: ನಿಮ್ಮ ಪತ್ರ ಓದಿ ನಂಗೆ ಗಾಬರಿ ಆದದ್ದು ನಿಜ. ಡೆಕ್ ಇಲ್ಲದ ಪೂಲ್‌ಗೆ ಅದರ ನಾಲ್ಕು ಅಡಿ ಗೋಡೆಯೇ ಬೇಲಿ, ಏಣಿ ತೆಗೆದಿಟ್ರೆ ಮೂರು ವರ್ಷದ ಮಗುವಿಗೆ ಹತ್ತಲಿಕ್ಕೆ ಆಗುದಿಲ್ಲ. ನೀವು ಮೆಟ್ಟಲು ಮತ್ತೆ ಡೆಕ್ ಕಟ್ಟಿದ ದಿನ ಆ ಬೇಲಿ ಇಲ್ಲದಾಯ್ತು, ಈಗ ಮಗು ನಡ್ಕೊಂಡು ಹೋಗಿ ನೀರಿನ ಅಂಚಿಗೆ ನಿಲ್ತದೆ. ಮಗು ಮುಳುಗುವಾಗ ಸಿನೆಮಾದಲ್ಲಿ ತೋರಿಸುವ ಹಾಗೆ ಕಿರುಚುದಿಲ್ಲ, ಕೈ ಬಡಿಯುದಿಲ್ಲ, ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಸ್ವರವೇ ಹೊರಡುದಿಲ್ಲ. ಒಳಗೆ ಫೋನ್ ತೆಗೀಲಿಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರ್ತದೆ.

ಡೆಕ್‌ನ ಹೊರ ಅಂಚಿಗೆ, ಮೆಟ್ಟಲ ಬಾಯಿಗೆ, ಎಲ್ಲ ಕಡೆ 4 ಅಡಿ ಎತ್ತರದ ರೇಲಿಂಗ್ ಬೇಕು. ಪಟ್ಟಿಗಳು ನೇರ ನಿಂತಿರ್ಬೇಕು, ಅಡ್ಡಕ್ಕೆ ಹಾಕಿದ್ರೆ ಮಕ್ಕಳಿಗೆ ಅದೇ ಏಣಿ. ಪಟ್ಟಿ ಮಧ್ಯೆ ಸಂದು 4 ಇಂಚಿಗಿಂತ ಕಮ್ಮಿ, ನಿಮ್ಮ ಮುಷ್ಟಿ ಕಷ್ಟದಲ್ಲಿ ಹೋಗುವಷ್ಟು. ಮೆಟ್ಟಲಿನ ಕೆಳಗೆ ಒಂದು ಗೇಟ್, ಅದು ಹೊರಗಡೆಗೆ ತೆರೀಬೇಕು, ಕೈ ಬಿಟ್ಟ ಕೂಡ್ಲೆ ಸ್ಪ್ರಿಂಗಿನಲ್ಲಿ ತಾನೇ ಮುಚ್ಚಿ ತಾನೇ ಚಿಲಕ ಬೀಳ್ಬೇಕು, ಚಿಲಕ ನಾಲ್ಕೂವರೆ ಅಡಿ ಎತ್ತರದಲ್ಲಿ. ಅರ್ಧ ತೆರೆದು ಬಿಟ್ಟು ನೋಡಿ, ಕಾಲು ಭಾಗ ತೆರೆದು ಬಿಟ್ಟು ನೋಡಿ, ಹತ್ತಕ್ಕೆ ಹತ್ತು ಸಲವೂ ಚಿಲಕ ಬೀಳ್ಬೇಕು. ಮಳೆಗಾಲದಲ್ಲಿ ಮರ ಹಿಗ್ಗಿ ಗೇಟ್ ಸಿಕ್ಕಿಕೊಳ್ತದೆ, ಆಗ ಕೆತ್ತಿ ಸರಿ ಮಾಡಿ, ಸಿಕ್ಕಿಕೊಳ್ತದೆ ಅಂತ ಕಲ್ಲು ಇಟ್ಟು ತೆರೆದಿಡುವವರು ಉಂಟು. ರೇಲಿಂಗ್‌ಗೆ ತಾಗಿ ಕುರ್ಚಿ, ಹೂಕುಂಡ, ಪಂಪ್ ಏನೂ ಬೇಡ, ಹತ್ತಿ ದಾಟ್ತಾರೆ. ನೀರಿನ ಮೇಲೆ ಚೆಂಡು, ಬಾತುಕೋಳಿ ಆಟಿಕೆ ತೇಲಿಬಿಟ್ಟು ಬರ್ಬೇಡಿ, ಮಗು ಅದನ್ನು ಹಿಡೀಲಿಕ್ಕೇ ಹೋಗುದು.

ನೋಟದ ಬಗ್ಗೆ ಮನೆಯವರಿಗೆ ಹೇಳಿ, ಹಳೇ ಮನೆಗಳ ಚಾವಡಿಯ ಮರದ ದಳಿ ನೋಡಿದ್ದೀರಲ್ಲ, ಅದೇ ನಮೂನೆಯಲ್ಲಿ ಆಚಾರಿ ಹತ್ರ ಮಾಡಿಸಿದ್ರೆ ಡೆಕ್‌ಗೆ ಅದರಷ್ಟು ಚಂದ ಬೇರೆ ಇಲ್ಲ. ದೊಡ್ಡವರಲ್ಲಿ ಇಬ್ಬರಾದ್ರೂ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಕಲ್ತುಕೊಳ್ಳಿ, ಆಂಬುಲೆನ್ಸ್‌ನ 108 ನಂಬರನ್ನು ದೊಡ್ಡದಾಗಿ ಬರೆದು ಗೇಟ್ ಹತ್ರ ಅಂಟಿಸಿ, ನೀರಲ್ಲಿ ಮಗು ಇರುವಾಗ ಒಬ್ಬರು ಕೈಗೆ ಸಿಗುವಷ್ಟು ಹತ್ತಿರ ನೀರಲ್ಲೇ ಇರ್ಬೇಕು. ರೇಲಿಂಗ್ ಮುಗಿಯದೆ ಪೂಲ್‌ಗೆ ನೀರು ಬಿಡ್ಬೇಡಿ. ಈಗಾಗಲೇ ತುಂಬಿಸಿ ಆಗಿದ್ರೆ ಅರ್ಧ ತೆಗೆದ್ರೆ ಸಾಲದು, ಪೂರ್ತಿ ಖಾಲಿ ಮಾಡಿ, ಆ ನೀರನ್ನು ಎರಡು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಹೋದ ಮೇಲೆ ತೆಂಗಿನ ಬುಡಕ್ಕೆ ಬಿಡಬಹುದು, ಆದ್ರೆ ಆ ಎರಡು ದಿನವೂ ಡೆಕ್‌ನ ಮೆಟ್ಟಲನ್ನು ಬಿಚ್ಚಿ ಕೊಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿ. ಮಗಳು ಬರುವ ತಾರೀಕು ಬರೆದಿಲ್ಲ ನೀವು, ಆಚಾರಿಗೆ ಇವತ್ತೇ ಫೋನ್ ಮಾಡಿ.